ಎಚ್ಚರಿಕೆ ಅಡಗಿಸಿದ ಮೂರು ಸಾಲು

ಚಿಪ್‌ಗಳ ವಿಷಯವನ್ನು ನನಗಿಂತ ಬಲ್ಲವರು ಬಹಳ ಮಂದಿ ಇದ್ದಾರೆ. ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಬೇಕು. ಆದರೂ ಹೆರ್ಮೀನೆಯ ಆ ಶುಕ್ರವಾರದ ಬಗ್ಗೆ ಹೇಳದೆ ಇರಲಾಗುತ್ತಿಲ್ಲ.

ಹೆರ್ಮೀನೆ ಲಿಂಟ್ಸ್ ನಗರದ ಟ್ರಾಮ್ ಡಿಪೋದಲ್ಲಿ ವೈರಿಂಗ್ ಕೆಲಸದವಳು. ಎರಡು ವರ್ಷ ಸಂಜೆ ಶಾಲೆಗೆ ಹೋಗಿ, ಟ್ರಾಮಿನ ಬಾಗಿಲು ನಡೆಸುವ ಪುಟ್ಟ ಚಿಪ್ ಒಂದರ ನಕ್ಷೆಯನ್ನು ತಾನೇ ಬಿಡಿಸಿದ್ದಳು. ಬಿಡಿಸಲು ಬಳಸಿದ ತಂತ್ರಾಂಶ ಯಾರಪ್ಪನ ಸ್ವತ್ತೂ ಅಲ್ಲ. ಬೇಕಾದವರು ಅದರ ಒಳಗನ್ನು ಓದಬಹುದು, ತಿದ್ದಬಹುದು. ಅವಳದೂ ಸೇರಿ ನಲವತ್ತು ಜನರ ನಕ್ಷೆಗಳು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಅಕ್ಕಪಕ್ಕ ಕೂತು ಕಾರ್ಖಾನೆಗೆ ಹೋಗಬೇಕಿತ್ತು. ಆ ಸಂಜೆ ಐದು ಗಂಟೆಯೇ ಕೊನೆಯ ಗಡುವು.

ಮಧ್ಯಾಹ್ನ, ಲೇಬರ್‌ಕೇಸ್ ಎಂಬ ಮಾಂಸದ ತುಂಡು ಇಟ್ಟ ಬನ್ನು ಕೈಯಲ್ಲಿರುವಾಗಲೇ, ಅವಳಿಗೆ ಒಂದು ಅನುಮಾನ ಹೊಳೆಯಿತು.

ಹಿಂದಿನ ತಿಂಗಳು ತಪಾಸಣೆಯ ಪ್ರೋಗ್ರಾಂ, ಅವಳ ನಕ್ಷೆಯಲ್ಲಿ ಎರಡು ತಂತಿಗಳು ತೀರ ಹತ್ತಿರ ಇವೆ ಎಂದು ಎಚ್ಚರಿಸಿತ್ತು. ಕಾರ್ಖಾನೆಯ ಕೈಪಿಡಿ ನೋಡಿ, ಇದು ಸುಳ್ಳು ಎಚ್ಚರಿಕೆ ಎಂದುಕೊಂಡು, ಎಲ್ಲರ ನಕ್ಷೆಗಳನ್ನೂ ನೋಡುವ ಆ ಪ್ರೋಗ್ರಾಮಿಗೆ, ಅಂಥ ಎಚ್ಚರಿಕೆ ಬಾರದಂತೆ ಮೂರು ಸಾಲು ಸೇರಿಸಿ ಕಳಿಸಿದ್ದಳು. ನಕ್ಷೆಗಳನ್ನು ಒಟ್ಟುಗೂಡಿಸುವ ಲೊರೆಂಟ್ಸ್, ಅವಳ ಸಹಪಾಠಿ, ಅದನ್ನು ಒಪ್ಪಿಬಿಟ್ಟಿದ್ದ. ಚಿಪ್ಪಿನೊಳಗೆ ತಂತಿಗಳು ಪದರ ಪದರವಾಗಿರುತ್ತವೆ; ತಾನು ಕೈಪಿಡಿಯಲ್ಲಿ ನೋಡಿದ್ದು ಬೇರೆ ಪದರದ ತಂತಿಗಳ ಪುಟವೇ? ಹಾಗಾದರೆ ನಲವತ್ತು ನಕ್ಷೆಗಳ ಕಾವಲುಗಾರನಿಗೆ ಕಣ್ಣು ಕಟ್ಟಿದವಳು ತಾನೇ.

ಬನ್ನು ಬಿಟ್ಟು ಫೋನ್ ಮಾಡಿದಳು.

"ಲೊರೆಂಟ್ಸ್, ನನ್ನ ಮೂರು ಸಾಲು ಕಿತ್ತಾಕಿ ಎಲ್ಲಾನೂ ಇನ್ನೊಂದ್ಸಲ ತಪಾಸಣೆ ಮಾಡೋ."

"ಇವತ್ತಾ? ಮೂರು ಗಂಟೆ ಬೇಕು ಮಾರಾಯ್ತಿ! ಊಟ ಮಾಡಿದ್ಯೋ ಇಲ್ವೋ?"

"ನೀನು ಆ ಸಾಲುಗಳನ್ನ ಓದಿ ತಾನೆ ಒಪ್ಪಿದ್ದು?"

"ನೀನು ಬರೆದಿದ್ದಲ್ವಾ... ಬಾಗಿಲನ್ನ ಹತ್ತು ಸಲ ಎಳೆದು ನೋಡೋಳು ನೀನು. ನಿನ್ನ ಕೆಲಸಾನ ಯಾರು ಓದ್ತಾರೆ?"

ಅವಳಿಗೆ ಇನ್ನಷ್ಟು ಭಯವಾಯಿತು. ಡಿಪೋದಲ್ಲಿ ನಿಂತಿದ್ದ ಟ್ರಾಮೊಂದರ ಬಾಗಿಲನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ನಾಲ್ಕೂಕಾಲಿಗೆ ಫೋನ್ ಬಂತು.

"ಮೂವತ್ತೊಂಬತ್ತು ಸರಿಯಾಗಿವೆ."

"ಉಳಿದಿದ್ದು ನಂದು."

"ನಿಂದೇ. ಆದ್ರೆ ಕೇಳು, ನಿನ್ನ ತಂತಿಗಳಿರೋ ಪದರದ ಬಗ್ಗೆ ಕೈಪಿಡೀಲಿ ಏನೂ ಇಲ್ಲ. ನೀನೇ ಸರಿ ಇರಬಹುದು. ಕಾರ್ಖಾನೇಲಿ ಕೇಳಿದ್ರೆ ಸೋಮವಾರ ನೋಡೋಣ ಅಂದ್ರು. ಹಾಗೇ ಬಿಟ್ಬಿಡ್ಲಾ?"

"ಆ ಬಿಲ್ಲೆ ಮೇಲೆ ಎಲ್ಲಾ ನಕ್ಷೆಗಳಿಗೂ ಕರೆಂಟು ಒಂದೇ ಕಡೆಯಿಂದ ಬರೋದು ಅಲ್ವೇನೋ? ನನ್ನ ತಂತಿಗಳು ತಾಗಿಬಿಟ್ರೆ?"

"ಅಕ್ಕಪಕ್ಕದವೂ ಸಾಯ್ತವೆ."

"ಹಾಗಾದ್ರೆ ನಂದು ತೆಗಿ."

"ಮುಂದಿನ ಸರದಿಗೆ ಒಂದು ವರ್ಷ ಕಾಯ್ಬೇಕು ಹೆರ್ಮೀನೆ."

"ತೆಗಿ ಅಂದ್ನಲ್ಲ. ಆ ಮೂರು ಸಾಲು ಹಾಕಿದ್ದು ನಾನು, ತೆಗಿಸಿದ್ದೂ ನಾನು ಅಂತ ಎಲ್ಲರಿಗೂ ಕಾಣೋ ಹಾಗೆ ಬರಿ. ಇನ್ಮೇಲೆ ಯಾರು ಕಳಿಸಿದ್ರೂ ಓದು, ನಾನಾದ್ರೂ ಅಷ್ಟೇ."

"ಆಯ್ತು, ಟೀಚರಮ್ಮ," ಎಂದ ಲೊರೆಂಟ್ಸ್. ಆದರೆ ಅವನ ದನಿಯಲ್ಲಿ ನಗುವಿರಲಿಲ್ಲ.

ಐದಕ್ಕೆ ಮೂವತ್ತೊಂಬತ್ತು ನಕ್ಷೆಗಳು ಹೋದವು. ಹೆರ್ಮೀನೆ ಕೈ ತೊಳೆದು, ಒಣಗಿದ ಬನ್ನನ್ನು ನಿಂತೇ ತಿಂದಳು. ಹೊರಡುವ ಮುಂಚೆ ಆ ಬಾಗಿಲನ್ನು ಇನ್ನೊಮ್ಮೆ ಎಳೆದಳು.

ಕಾರ್ಖಾನೆಯಿಂದ ಸೋಮವಾರ ಉತ್ತರ ಬರಲಿಲ್ಲ, ಆಮೇಲೂ ಬರಲಿಲ್ಲ. ಆ ಎರಡು ತಂತಿಗಳು ನಿಜಕ್ಕೂ ತಾಗುತ್ತಿದ್ದವೇ, ಅಥವಾ ಅವಳ ಮೂರು ಸಾಲುಗಳೇ ಸರಿಯಾಗಿದ್ದವೇ ಎಂಬುದು ನನಗೂ ಗೊತ್ತಿಲ್ಲ.