ನಾಟ್ರಾಂಪಾಳ್ಯದ ಏಳನೆಯ ಚೀಲ

ಗಾಳಿಯಲ್ಲಿ ತೇಲುವ ವಿಕಿರಣಶೀಲ ಕಣಗಳು ನೆಲಕ್ಕಿಳಿದು, ಮಣ್ಣಿನಿಂದ ಬೇರಿಗೆ, ಬೇರಿನಿಂದ ಕಾಳಿಗೆ ಎಷ್ಟು ಸೇರುತ್ತವೆ ಎಂಬುದನ್ನು ಲೆಕ್ಕ ಹಾಕುವ ಗಣಿತ ಮಾದರಿಯೊಂದನ್ನು ನಾನು ಎರಡು ವರ್ಷಗಳಿಂದ ಕಟ್ಟುತ್ತಿದ್ದೆ. ಎಲ್ಲಾದರೂ ಅಣುಸ್ಥಾವರದಲ್ಲಿ ಅವಘಡವಾದರೆ, ಯಾವ ಊರಿನ ಬೆಳೆ ತಿನ್ನಲು ಯೋಗ್ಯ ಎಂದು ಬೇಗ ಹೇಳುವುದಕ್ಕೆ ಇಂಥ ಲೆಕ್ಕ ಬೇಕು. ಅದನ್ನು ಪರೀಕ್ಷಿಸಲು ಅವಘಡವೇನೂ ಬೇಕಿಲ್ಲ. ಯಾರಿಗೂ ಕೇಡಾಗದಷ್ಟು ಅಲ್ಪ ಪ್ರಮಾಣದಲ್ಲಿ ಗಾಳಿಯಿಂದ ಸಹಜವಾಗಿಯೇ ಎಲ್ಲೆಡೆ ಉದುರುವ ವಿಕಿರಣಶೀಲ ಸೀಸ ಸಾಕು.

ಅಂಚೆಟ್ಟಿಯಾಚೆಯ ನಾಟ್ರಾಂಪಾಳ್ಯದಿಂದ ಏಳು ಹೊಲಗಳ ಮಣ್ಣನ್ನೂ ರಾಗಿಯನ್ನೂ ತಂದಿದ್ದೆ. ಆರು ಹೊಲಗಳಲ್ಲಿ ತೆನೆಯನ್ನು ನಾನೇ ಕೊಯ್ದಿದ್ದೆ. ಲಕ್ಷ್ಮಿದೇವಮ್ಮನವರ ಹೊಲ ಮಾತ್ರ ಆಗಲೇ ಕೊಯ್ಲಾಗಿತ್ತು. ಅವರು ಮನೆಯ ರಾಗಿಯನ್ನೇ ಅಳೆದು ಕೊಟ್ಟಿದ್ದರು. ಆರು ಚೀಲಗಳು ನನ್ನ ಲೆಕ್ಕಕ್ಕೆ ಹೊಂದಿದವು. ಅವರದು ಮಾತ್ರ ಐದು ಪಟ್ಟು ಹೆಚ್ಚು ಸೀಸ ತೋರಿಸಿತು.

"ಏಳನೆಯದನ್ನು ಬಿಟ್ಟುಬಿಡು ದಿವ್ಯಾ," ಎಂದರು ನನ್ನ ಮಾರ್ಗದರ್ಶಕರಾದ ಉಮಾಶಂಕರ್ ಸರ್.

"ಕಾರಣ ಗೊತ್ತಿಲ್ಲದೆ ಬಿಟ್ಟರೆ, ಮುಂದೆ ನಿಜವಾಗಿ ಬೇಕಾದಾಗ ಈ ಲೆಕ್ಕವನ್ನು ನಾನೇ ನಂಬಲಾರೆ, ಸರ್."

"ವರದಿ ಇನ್ನೊಂದು ವಾರದಲ್ಲಿ ಹೋಗಬೇಕು. ಅಷ್ಟರೊಳಗೆ ಕಾರಣ ತಾ. ಇಲ್ಲದಿದ್ದರೆ ಅಳಿಸು."

ಮರುದಿನವೇ ಹೊಸೂರಿನಿಂದ ಬಸ್ಸು ಹಿಡಿದೆ. ನಾಟ್ರಾಂಪಾಳ್ಯ ಇನ್ನೇನು ಬಂತು ಎನ್ನುವಾಗ ಬಸ್ಸು ನಿಧಾನವಾಯಿತು. ಗಾಲಿಗಳಡಿಯಲ್ಲಿ ಚರಚರ ಸದ್ದು. ಇಣುಕಿದೆ. ಡಾಂಬರು ರಸ್ತೆಯ ಉದ್ದಕ್ಕೂ ರಾಗಿಯ ಹುಲ್ಲು ತೆನೆಸಮೇತ ಹರಡಿತ್ತು. ಪಕ್ಕದಲ್ಲಿ ಲಕ್ಷ್ಮಿದೇವಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು.

"ಯಾವಾಗ್ಲೂ ಒಂದೇ ಮಗ್ಗುಲಾಗೆ ಓಡಿಸ್ತೀಯಲ್ಲಪ್ಪ ಡ್ರೈವರ್ರೇ! ಈ ಕಡೇದ್ನ ಯಾರು ತುಳೀಬೇಕು, ನಿಮ್ಮತ್ತೇನಾ?"

"ನಮ್ಮತ್ತೆ ಬಸ್ಸಿಗಿಂತ ತೂಕ ಕಣಕ್ಕಾ! ನಿನ್ ರಾಗಿ ಇಲ್ಲೇ ಹಿಟ್ಟಾಗೋಯ್ತದೆ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಮಾತ್ರ ಕೈಚೀಲ ಹಿಡಿದು ಅಲ್ಲೇ ಇಳಿದೆ.

"ಅಕ್ಕ, ಹೋದ ಸಲ ನನಗೆ ಕೊಟ್ಟ ರಾಗೀನೂ ಇಲ್ಲೇ ತುಳಿಸಿದ್ದಾ?"

"ಇನ್ನೆಲ್ಲಿ ಅಮ್ಮಣ್ಣಿ? ಕಣ ಮಾಡೋರ್ಯಾರು, ಕಲ್ಲುಗುಂಡು ಎಳ್ಯೋರ್ಯಾರು? ಬಸ್ಸೇ ನಮ್ ಗುಂಡು."

ನಾನು ಕುಂಚದಿಂದ ರಸ್ತೆಯ ಧೂಳನ್ನು ಪೊಟ್ಟಣಕ್ಕೆ ಗುಡಿಸಿಕೊಳ್ಳತೊಡಗಿದೆ.

"ರೋಡು ಗುಡ್ಸೋಕಾ ನೀನು ಎಮ್ಮೆಸ್ಸಿ ಓದಿದ್ದು?"

ಗಾಳಿಯಿಂದ ಹೊಲಕ್ಕೆ ಬಿದ್ದ ಸೀಸ ಉಳುಮೆಯಲ್ಲಿ ಮಣ್ಣಿನಾಳಕ್ಕೆ ಬೆರೆತುಹೋಗುತ್ತದೆ, ರಸ್ತೆಗೆ ಬಿದ್ದದ್ದು ಮೇಲೆಯೇ ಉಳಿದು ಧೂಳಿನೊಂದಿಗೆ ಕಾಳಿಗೆ ಅಂಟುತ್ತದೆ ಎಂದು ವಿವರಿಸಿದೆ. ಅವರ ಮುಖ ಬಾಡಿತು.

"ಹಂಗಾದ್ರೆ ನಮ್ ರಾಗಿ ಕೆಟ್ಟದ್ದಾ?"

"ಇಲ್ಲಕ್ಕ, ಈಗಿರೋದು ಯಾರಿಗೂ ಏನೂ ಮಾಡಲ್ಲ."

"ಅಲ್ಲ, ಅದ್ನ ನೀನು ತೊಳ್ದ್ಯಾ?"

"ತೊಳೆಯಲಿಲ್ಲ. ಕೊಟ್ಟ ಹಾಗೇ ಪುಡಿ ಮಾಡಿದೆ."

ಲಕ್ಷ್ಮಿದೇವಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಪೆದ್ದಿ! ಮೂರ್ ನೀರಾಗೆ ತೊಳ್ದು ಒಣಗಿಸ್ದೆ ಯಾರಾನಾ ಮಿಷನ್ನಿಗೆ ಹಾಕ್ತಾರಾ? ನಿಮ್ಮಮ್ಮ ಅಷ್ಟೂ ಹೇಳ್ಕೊಟ್ಟಿಲ್ವಾ?"

ಚೀಲದಲ್ಲಿ ಉಳಿದಿದ್ದ ರಾಗಿಯನ್ನು ಪ್ರಯೋಗಾಲಯದಲ್ಲಿ ಮೂರು ನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಅಳೆದೆ. ನನ್ನ ಲೆಕ್ಕಕ್ಕೂ ಅದಕ್ಕೂ ಶೇಕಡಾ ನಾಲ್ಕರಷ್ಟೇ ವ್ಯತ್ಯಾಸ. ಮೊದಲು ಹೆಚ್ಚಾಗಿ ಕಂಡ ಸೀಸ ರಸ್ತೆಯ ಧೂಳಿನದೇ ಎಂಬುದು ಆ ಪೊಟ್ಟಣವನ್ನು ಅಳೆದಾಗ ಖಚಿತವಾಯಿತು. ಏಳನೆಯ ಚೀಲ ವರದಿಯಲ್ಲಿ ಉಳಿಯಿತು.

ಉಮಾಶಂಕರ್ ಸರ್ ಅಂಕಿಗಳನ್ನು ಎರಡು ಬಾರಿ ನೋಡಿ, ನನ್ನ ಮಾದರಿಯ ನಕ್ಷೆಯಲ್ಲಿ 'ಗಾಳಿ' ಮತ್ತು 'ಕಾಳು' ಎಂಬ ಚೌಕಗಳ ನಡುವೆ ತಾವೇ ಮತ್ತೊಂದು ಚೌಕ ಬರೆದರು: 'ರಸ್ತೆ'. ಆಮೇಲೆ ಕೇಳಿದರು, "ಅಲ್ಲಿ ದಿನಕ್ಕೆ ಎಷ್ಟು ವಾಹನ ಓಡುತ್ತವೆ?"

ಲಕ್ಷ್ಮಿದೇವಮ್ಮನವರಿಗೆ ಫೋನ್ ಮಾಡಿ, ಸರ್‌ಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

"ಎರಡು ಬಸ್ಸು, ಒಂದು ಹಾಲಿನ ಟೆಂಪೋ. ಮದ್ವೆ ತಿಂಗ್ಳಾದ್ರೆ ಲೆಕ್ಕವೇ ಇಲ್ಲ ಕಣಮ್ಮಣ್ಣಿ. ನಿಮ್ ಸಾರ್ ಹತ್ರ ಕಾರೈತಾ? ಐತಂದ್ರೆ ತಕ್ಕೊಂಡ್ ಬರೋಕೇಳು, ಇನ್ನೂ ಹತ್ತು ಹೊರೆ ಉಳ್ದದೆ!"

ಸರ್ ಆಗಲೇ ಜೇಬಿನಲ್ಲಿ ಕಾರಿನ ಕೀ ತಡಕಾಡುತ್ತಿದ್ದರು.