ಬೆಟ್ಟಮ್ಮ ನೋಡಲು ಹೊರಟ ಹೆಣ್ಣು

ಶಾಂತಿಗ್ರಾಮದ ಬೆಟ್ಟಮ್ಮ ಮದರಾಸಿನ ಆಸ್ಪತ್ರೆಯಿಂದ ಬದುಕಿ ಬಂದಾಗ ಊರವರೆಲ್ಲ ಅವಳನ್ನು ನೋಡಲು ಬಂದರು. ಗರ್ಭಕೋಶದ ಬಾಯಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ರಕ್ತ ಹೋಗಿದ್ದ ಹೆಂಗಸು. ಅಲ್ಲಿನ ಡಾಕ್ಟರಮ್ಮ ರೇಡಿಯಂ ಎಂಬುದನ್ನು ಒಳಗಿಟ್ಟು ಹುಣ್ಣನ್ನು ಸುಟ್ಟಿದ್ದರು.

"ಕತ್ಲಲ್ಲಿ ತಾನೇ ಬೆಳಗ್ತದಂತೆ ಅದು. ಎಣ್ಣೆ ಬ್ಯಾಡ, ಬತ್ತಿ ಬ್ಯಾಡ. ಅಂಥದ್ದು ನನ್ನೊಳ್ಗಿತ್ತು ಕಣವ್ವಾ" ಎನ್ನುವಾಗ ಬೆಟ್ಟಮ್ಮನ ದನಿ ತಾನಾಗಿ ತಗ್ಗುತ್ತಿತ್ತು.

ಯಾರಿಗೂ ಹೇಳದ ಸಂಗತಿಗಳೂ ಇದ್ದವು. ರೇಡಿಯಂ ಇಟ್ಟ ಮೇಲೆ ಮೂವತ್ತೈದಕ್ಕೇ ಮುಟ್ಟು ನಿಂತಿತ್ತು. ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತಿತ್ತು. ಮೂತ್ರ ತಡೆಯಲಾಗದೆ ಸಂತೆ, ಮದುವೆಮನೆಗಳನ್ನು ಬಿಟ್ಟಿದ್ದಳು. ಗಂಡ ಚನ್ನಪ್ಪ ಅವಳು ಆಸ್ಪತ್ರೆಯಿಂದ ಬಂದಂದಿನಿಂದ ಜಗಲಿಯ ಮೇಲೆ ಮಲಗುತ್ತಿದ್ದ. ಅವನಿಗೆ ತನ್ನನ್ನು ಕಂಡರೆ ಅಸಹ್ಯ ಎಂದೇ ಅವಳು ತಿಳಿದಿದ್ದಳು.

ಒಂದು ಮಧ್ಯಾಹ್ನ ಊಟಕ್ಕಿಡುತ್ತಾ ಹೇಳಿಯೇಬಿಟ್ಟಳು. "ಇರೀಸಾವೆ ಪಾಪಯ್ಯನ ಮಗ್ಳು ಮದ್ವೆಗವ್ಳಂತೆ. ಓಗಿ ನಿಂಗೆ ಕೇಳ್ಕಂಡ್ ಬತ್ತೀನಿ. ನನ್ನಿಂದ ಇನ್ನೇನೈತೆ?"

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ನಾನೂ ಬತ್ತೀನಿ" ಎಂದ, ಅಷ್ಟೇ. ಇಷ್ಟು ಸಲೀಸಾಗಿ ಒಪ್ಪಿದನಲ್ಲ ಎಂದು ಅವಳ ಹೊಟ್ಟೆ ಉರಿದುಹೋಯಿತು.

ಯುದ್ಧದ ಕಾಲ. ಪೆಟ್ರೋಲಿಲ್ಲದ ಬಸ್ಸು ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತಾ ಸಾಗುತ್ತಿತ್ತು. ಚನ್ನರಾಯಪಟ್ಟಣ ಇನ್ನೂ ದೂರವಿರುವಾಗಲೇ ಬೆಟ್ಟಮ್ಮನಿಗೆ ತಡೆಯದಾಯಿತು. ಸೆರಗು ಬಿಗಿಹಿಡಿದು ಕಣ್ಣು ಮುಚ್ಚಿದಳು. ಪಕ್ಕದಲ್ಲಿದ್ದ ಚನ್ನಪ್ಪ ದಡಕ್ಕನೆ ಎದ್ದ.

"ಡ್ರೈವರ್ ಸಾ, ವಸಿ ನಿಲ್ಸಿ. ನಂಗೆ ತಡ್ಯಕಾಗಕಿಲ್ಲ!"

ಬಸ್ಸಿನವರೆಲ್ಲ ನಕ್ಕರು. "ನೀನೂ ಇಳಿ, ಗಾಳಿ ಆಡ್ಲಿ" ಎಂದು ಚನ್ನಪ್ಪ ಅವಳನ್ನು ಕತ್ತಾಳೆ ಬೇಲಿಯ ಹಿಂದಕ್ಕೆ ಕಳಿಸಿ, ತಾನು ರಸ್ತೆಯ ಕಡೆ ಮುಖಮಾಡಿ ಕಾವಲು ನಿಂತ. ಪಟ್ಟಣ ದಾಟಿದ ಮೇಲೆ ಮತ್ತೆ ಎದ್ದ.

"ಏನಯ್ಯ, ಗಂಡ್ಸಾಗಿ ಇಷ್ಟೂ ತಡ್ಕಳಾಕಾಗಲ್ವಾ?" ಎಂದು ಕಂಡಕ್ಟರು ರೇಗಿದ.

"ಕಾಯ್ಲೆ ಸಾ" ಎಂದು ಚನ್ನಪ್ಪ ತಲೆ ತಗ್ಗಿಸಿದ. ಊರಲ್ಲಿ ಒಬ್ಬರ ಮಾತಿಗೂ ಬಗ್ಗದ ಆಸಾಮಿ! ಬೆಟ್ಟಮ್ಮ ಅವನನ್ನು ಬೆರಗಾಗಿ ನೋಡಿದಳು. ಅವನಿಗೆ ಎಲ್ಲವೂ ಗೊತ್ತಿತ್ತು.

ಹಿರೀಸಾವೆಯಲ್ಲಿ ಇಳಿದಾಗ ಅವಳು ಪಾಪಯ್ಯನ ಮನೆಯ ದಾರಿ ಹಿಡಿಯದೆ ರಸ್ತೆಬದಿಯಲ್ಲೇ ನಿಂತಳು.

"ನಾನು ಎಣ್ಣು ನೋಡಕ್ ಬರ್ಲಿಲ್ಲ ಕಣೆ" ಎಂದ ಚನ್ನಪ್ಪ. "ನೀನೊಬ್ಳೇ ಬಸ್ನಾಗೆ ಎಂಗ್ ಓಗ್ತೀಯ ಅಂತ ಬಂದೆ."

"ಅಂಗಾದ್ರೆ ಜಗ್ಲಿ ಮ್ಯಾಲ್ ಯಾಕ್ ಮಲಗ್ತೀಯ?"

"ಒಳ್ಗೆಲ್ಲ ಸುಟ್ಟೈತೆ ಅಂದ್ರು ಡಾಕ್ಟರಮ್ಮ. ನಾನ್ ಮುಟ್ಟಿ ನಿಂಗೆ ನೋವಾದ್ರೆ ಅಂತ ಬಯ."

ಬೆಟ್ಟಮ್ಮನಿಗೆ ಇಷ್ಟು ವರ್ಷ ಜೊತೆಗಿದ್ದ ಮನುಷ್ಯನನ್ನು ಇವತ್ತೇ ಕಂಡಂತಾಯಿತು. ರಸ್ತೆಬದಿಯ ಹೋಟೆಲಿನಲ್ಲಿ ಕಾಫಿ ಕುಡಿದು ಇಬ್ಬರೂ ಬಂದ ದಾರಿಯಲ್ಲೇ ಹಿಂದಿರುಗಿದರು.

ಚನ್ನಪ್ಪನ ಚಾಪೆ ಒಳಗೆ ಬಂತು. ನೋವು ಒಮ್ಮೆಲೇ ಹೋಗಲಿಲ್ಲ; ಕೇಳಿ, ಹೇಳಿ, ಕಾದು ನಿಧಾನವಾಗಿ ಕಲಿತರು. ಬೆಟ್ಟಮ್ಮ ಮತ್ತೆ ಸಂತೆಗೆ ಹೊರಟಳು. ಮುಂದೆ ಅರಕಲಗೂಡು, ಹೊಳೆನರಸೀಪುರದ ಕಡೆಯಿಂದಲೂ ಅದೇ ಕಾಯಿಲೆಯ ಹೆಂಗಸರು ಗುಟ್ಟಾಗಿ ಅವಳನ್ನು ಹುಡುಕಿ ಬರುತ್ತಿದ್ದರು. ಅವರನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಆಸ್ಪತ್ರೆಯಲ್ಲಿ ಏನಾಗುತ್ತದೆ, ಮನೆಗೆ ಬಂದ ಮೇಲೆ ಏನೇನಾಗುತ್ತದೆ ಎಂದು ಒಂದನ್ನೂ ಮುಚ್ಚಿಡದೆ ಹೇಳುತ್ತಿದ್ದಳು.