ಎಡ ಹೆಗಲಿಗೆ ಗಂಟು, ಬಲ ಹೆಗಲಿಗೆ ಹತ್ತಿ

ಊರವರ ಹೆಗಲನ್ನೆಲ್ಲ ಅಳೆಯುವ ಟೈಲರ್, ತನ್ನ ಹೆಗಲಿಗೆ ಮಾತ್ರ ಯಾರ ಕೈಯನ್ನೂ ತಾಗಗೊಡುತ್ತಿರಲಿಲ್ಲ. ಎಡ ಹೆಗಲ ಮೇಲೊಂದು ಗಂಟು ಎದ್ದಿತ್ತು. ಜನ ಏನೆಂದಾರೋ ಎಂಬ ನಾಚಿಕೆ, ಕೆಟ್ಟ ಗಂಟಾಗಿದ್ದರೆ ಎಂಬ ದಿಗಿಲು. ಎರಡಕ್ಕೂ ಅವನು ಕಂಡುಕೊಂಡ ಮದ್ದು ಒಂದೇ: ಅಂಗಿಯ ಬಲ ಹೆಗಲಿನೊಳಗೆ ಹತ್ತಿ ಇಟ್ಟು ಹೊಲಿದು, ಎರಡೂ ಹೆಗಲು ಸಮ ಮಾಡುವುದು. ಕೆಲಸವೇನೋ ಅಚ್ಚುಕಟ್ಟು.

ಇಸ್ತ್ರಿ ಮಾಡುವಾಗ ಗುಟ್ಟು ರಟ್ಟಾಯಿತು. ಹೆಂಡತಿ ಎರಡು ಅಂಗಿ ಹಿಡಿದು ಅಂಗಡಿಗೇ ಬಂದಳು. ಜೊತೆಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳಕ್ಕ.

"ಏನ್ರೀ ಇದು, ಒಂದೇ ಹೆಗಲಿಗೆ ದಿಂಬು?"

"ಹೊಸ ಫ್ಯಾಷನ್ನು ಕಣೇ."

"ಫ್ಯಾಷನ್ನಿಗೆ ಯಾಕೆ ಹೀಗೆ ಬೆವರ್ತಿದೀರಿ?"

ಅವನು ತಲೆ ತಗ್ಗಿಸಿ ಗುಂಡಿ ಬಿಚ್ಚಿದ.

"ಮನೇಲೂ ಬನಿಯನ್ ಬಿಚ್ಚದೆ ಓಡಾಡ್ತಿದ್ದಿದ್ದು ಇದಕ್ಕಾ? ನನಗೂ ಹೇಳಬಾರದಿತ್ತಾ?"

ಅವನು ಅಂಗಿ, ಬನಿಯನ್ ಎರಡನ್ನೂ ತೆಗೆದು ಕೂತ.

ನರ್ಸ್ ಮುಟ್ಟಿ ನೋಡಿದಳು. "ಮೆತ್ತಗಿದೆ, ಒತ್ತಿದ್ರೆ ಜಾರುತ್ತೆ, ನೋವಿಲ್ಲ. ಕೊಬ್ಬಿನ ಗಂಟಿರಬಹುದು. ಹಾಗಿದ್ರೆ ಅದು ಕ್ಯಾನ್ಸರ್ ಅಲ್ಲ. ಎಷ್ಟೋ ಸಲ ಡಾಕ್ಟರ್ ಮುಟ್ಟಿ ನೋಡಿಯೇ ಹೇಳ್ತಾರೆ, ಸ್ಕ್ಯಾನ್ ಬೇಕಾಗಲ್ಲ."

"ಹಾಗಾದ್ರೆ ಬಿಡಿ ಅತ್ತಿಗೆ. ಮಿಷನ್ ಹತ್ರ ಹೋದ್ರೆ ಇಲ್ಲದ ಕಾಯಿಲೆಯೂ ಹುಟ್ಟುತ್ತೆ."

"ತಡೀರಿ. ಇದು ಬೆಳೀತಿದೆಯಾ?"

"ಇಲ್ಲಪ್ಪ."

ಹೆಂಡತಿ ಎರಡೂ ಅಂಗಿ ಮೇಜಿನ ಮೇಲೆ ಹರವಿದಳು. ಹಳೆಯದರಲ್ಲಿ ಹತ್ತಿ ಒಂದು ಪದರ, ಈಚೆಗೆ ಹೊಲಿದದ್ದರಲ್ಲಿ ಮೂರು. "ಸುಳ್ಳು ನೀವು ಹೇಳಬಹುದು, ನಿಮ್ಮ ಹೊಲಿಗೆ ಹೇಳಲ್ಲ."

ಅವನ ಕಿವಿ ಕೆಂಪಾಯಿತು.

"ಬೆಳೀತಿದ್ರೆ, ಗಟ್ಟಿಯಾದ್ರೆ, ನೋವು ಬಂದ್ರೆ, ಆಳದಲ್ಲಿದ್ರೆ, ಐದು ಸೆಂಟಿಮೀಟರ್ ದಾಟಿದ್ರೆ ತಡ ಮಾಡಬಾರದು," ಅಂದಳು ನರ್ಸ್. "ಮೊದಲು ಅಲ್ಟ್ರಾಸೌಂಡ್. ಅದರಲ್ಲಿ ಸ್ಪಷ್ಟವಾಗದಿದ್ರೆ ಎಂಆರ್‌ಐ. ಅನುಮಾನ ಉಳಿದ್ರೆ ಚೂರು ತೆಗೆದು ಪರೀಕ್ಷೆ. ಏಳಿ, ಆಸ್ಪತ್ರೆಗೆ ಹೋಗೋಣ."

ಅಲ್ಟ್ರಾಸೌಂಡ್‌ನಲ್ಲಿ ಕಂಡದ್ದು ಬರೀ ಕೊಬ್ಬು. "ತೊಂದರೆ ಕೊಟ್ಟರೆ ತೆಗೆಯೋಣ, ಇಲ್ಲದಿದ್ದರೆ ಇರಲಿ. ಮತ್ತೆ ಬೆಳೆದರೆ ಬಚ್ಚಿಡಬೇಡಿ, ಬನ್ನಿ," ಅಂದರು ಡಾಕ್ಟರು.

ಹೊರಗೆ ಬಂದ ಮೇಲೆ ಹೆಂಡತಿ ಅವನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಗೇಟಿನ ಹತ್ತಿರ ಅವನೇ ಅಂದ: "ತಪ್ಪಾಯ್ತು ಕಣೇ."

"ಇನ್ನೇನಾದರೂ ಮುಚ್ಚಿಟ್ಟಿದೀರಾ?"

ಅವನು ಚಪ್ಪಲಿ ನೋಡಿಕೊಂಡ. "ತೊಡೇಲಿ ಇನ್ನೊಂದಿದೆ. ಚಿಕ್ಕದು."

"ಡಾಕ್ಟರಿಗೆ ಹೇಳಿದ್ರಾ?"

"ನಾಚಿಕೆಯಾಯ್ತು."

ಅವಳು ಅವನ ತೋಳು ಹಿಡಿದಳು. ಇಬ್ಬರೂ ವಾಪಸ್ ಒಳಗೆ ಹೋದರು.

ಓದಿದಿರಲ್ಲ, ನಿಮ್ಮ ಮೈಮೇಲೂ ಇಂಥ ಗಂಟಿದೆಯೇ? ಬಹುಪಾಲು ಗಂಟುಗಳಿಂದ ಅಪಾಯವಿಲ್ಲ. ನಿಮ್ಮದು ಯಾವುದೆಂದು ಡಾಕ್ಟರು ಹೇಳಲಿ. ಇವತ್ತು ಮನೆಯವರಿಗೆ ಹೇಳಿ, ನಾಳೆ ಹೋಗಿ ತೋರಿಸಿ.